ಹೀಲಾ ಕೋಶಗಳ ತಾಯಿ: ಹೆನ್ರಿಯೆಟ್ಟಾ ಲ್ಯಾಕ್ಸ್

ಮಕ್ಕಳೇ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ತೋಟಗಳಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಯನ್ನು ನೀವು ನೋಡಿರುತ್ತೀರಿ. ಒಳ್ಳೆಯ ಬಳ್ಳಿಯ ತುಂಡೊಂದನ್ನು ಕತ್ತರಿಸಿ ನೆಟ್ಟರೆ ಅದು ಚಿಗುರುತ್ತದೆ. ಅದರಿಂದ ಮತ್ತೊಂದು, ಅದರಿಂದ ಇನ್ನೊಂದು. ಮೂಲ ಬಳ್ಳಿ ಒಣಗಿಹೋದರೂ ಅದರ ಸಂತತಿ ಊರೆಲ್ಲ ಹಬ್ಬಿರುತ್ತದೆ. ಮನುಷ್ಯರ ಜೀವಕೋಶಗಳನ್ನೂ ಹೀಗೆ ಬೆಳೆಸಬಹುದೇ? ಬೆಳೆಸಬಹುದೆಂದು ಜಗತ್ತಿಗೆ ತಿಳಿದದ್ದು ಒಬ್ಬ ಬಡ ತಾಯಿಯಿಂದ. ಅವರೇ ಹೆನ್ರಿಯೆಟ್ಟಾ ಲ್ಯಾಕ್ಸ್.

ಹೆನ್ರಿಯೆಟ್ಟಾ ಹುಟ್ಟಿದ್ದು 1920ರ ಆಗಸ್ಟ್ 1ರಂದು, ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ. ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡರು. ಕ್ಲೋವರ್ ಎಂಬ ಹಳ್ಳಿಯಲ್ಲಿ ಅಜ್ಜನ ಆಶ್ರಯದಲ್ಲಿ ಬೆಳೆದರು. ನಮ್ಮ ಕಡೆ ಬೀಡಿ ಕಟ್ಟುವ ಮನೆಗಳಲ್ಲಿ ಹೊಗೆಸೊಪ್ಪಿನ ಘಾಟು ಎಲ್ಲರಿಗೂ ಗೊತ್ತು. ಆ ಹೊಗೆಸೊಪ್ಪಿನ ಹೊಲದಲ್ಲೇ ದುಡಿಯುತ್ತ ಅವರ ಬಾಲ್ಯ ಕಳೆಯಿತು. ಓದು 6ನೇ ತರಗತಿಗೆ ನಿಂತಿತು. 1941ರಲ್ಲಿ ಮದುವೆಯಾಯಿತು. ಮುಂದೆ ಸಂಸಾರ ಬಾಲ್ಟಿಮೋರ್ ನಗರದ ಬಳಿ ನೆಲೆಸಿತು. ಐವರು ಮಕ್ಕಳು.

1951ರ ಆರಂಭದಲ್ಲಿ ಹೆನ್ರಿಯೆಟ್ಟಾ ಕಾಯಿಲೆ ಬಿದ್ದು ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಗೆ ಹೋದರು. ಕಪ್ಪು ಜನರಿಗೆ ಅಲ್ಲಿ ಬೇರೆಯೇ ವಾರ್ಡು! ಪರೀಕ್ಷಿಸಿದಾಗ ಗರ್ಭಕಂಠದಲ್ಲಿ ಕ್ಯಾನ್ಸರ್ ಗಂಟು ಕಂಡಿತು. ಚಿಕಿತ್ಸೆಯ ವೇಳೆ ವೈದ್ಯರು ಗಂಟಿನ ಸಣ್ಣ ಚೂರೊಂದನ್ನು ತೆಗೆದು, ಅದೇ ಸಂಸ್ಥೆಯ ವಿಜ್ಞಾನಿ ಜಾರ್ಜ್ ಗೈ ಅವರ ಪ್ರಯೋಗಾಲಯಕ್ಕೆ ಕೊಟ್ಟರು. ಹೀಗೆ ಕೊಡಬಹುದೇ ಎಂದು ಹೆನ್ರಿಯೆಟ್ಟಾ ಅವರನ್ನು ಯಾರೂ ಕೇಳಲಿಲ್ಲ.

ಮನುಷ್ಯರ ಕೋಶಗಳನ್ನು ಗಾಜಿನ ನಳಿಕೆಯಲ್ಲಿ ಬೆಳೆಸಲು ಗೈ ವರ್ಷಗಟ್ಟಲೆ ಹೆಣಗಿದ್ದರು. ಕೋಳಿಯ ರಕ್ತದಿಂದ ತೆಗೆದ ಪ್ಲಾಸ್ಮಾವನ್ನೂ ಸೇರಿಸಿ ಆಹಾರದ ದ್ರವ ತಯಾರಿಸುತ್ತಿದ್ದರು. ಏನು ಮಾಡಿದರೂ ಕೋಶಗಳು ಕೆಲವು ದಿನಗಳಲ್ಲಿ ಸಾಯುತ್ತಿದ್ದವು. ಆದರೆ ಈ ಚೂರಿನ ಕೋಶಗಳು ಸಾಯಲಿಲ್ಲ. ಸುಮಾರು 24 ಗಂಟೆಗೊಮ್ಮೆ ಇಮ್ಮಡಿಯಾದವು! ಲೆಕ್ಕ ಹಾಕಿ ನೋಡಿ: ಹೀಗೆ 1 ಕೋಶ 10 ದಿನಗಳಲ್ಲಿ 1024 ಆಗುತ್ತದೆ. ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಹೆಸರಿನ ಮೊದಲ ಅಕ್ಷರಗಳನ್ನು ಜೋಡಿಸಿ ಇವಕ್ಕೆ ಹೀಲಾ ಎಂದು ಹೆಸರಿಟ್ಟರು. ಹೀಗೆ ಒಂದೇ ಮೂಲದಿಂದ ಬೆಳೆಯುತ್ತಲೇ ಇರುವ ಕೋಶಗಳ ಸಂತತಿಗೆ ಸೆಲ್ ಲೈನ್ ಎನ್ನುತ್ತಾರೆ. ಮನುಷ್ಯರ ಕೋಶಗಳ ಮೊದಲ ಸೆಲ್ ಲೈನ್ ಇದೇ.

1951ರ ಅಕ್ಟೋಬರ್ 4ರಂದು ಹೆನ್ರಿಯೆಟ್ಟಾ ತೀರಿಕೊಂಡರು. ವಯಸ್ಸು ಕೇವಲ 31.

ಕೋಶಗಳು ಮಾತ್ರ ದೇಶದೇಶಕ್ಕೆ ಹೋದವು. ಪೋಲಿಯೊ ಲಸಿಕೆಯ ಪರೀಕ್ಷೆಗೆ ನೆರವಾದವು. ಬಾಹ್ಯಾಕಾಶಕ್ಕೂ ಹೋಗಿಬಂದವು. ಬೇರೆ ಬೇರೆ ಕ್ಯಾನ್ಸರ್‌ಗಳಿಗೆ ಬೇರೆ ಬೇರೆ ಸೆಲ್ ಲೈನ್ ಬೇಕೆಂದು ವಿಜ್ಞಾನಿಗಳು ಹುಡುಕತೊಡಗಿದರು. ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಕೋಶಗಳು ಸುಲಭಕ್ಕೆ ಬಗ್ಗಲಿಲ್ಲ. 1970ರ ದಶಕದ ಕೊನೆಯಲ್ಲಿ ಮೂವರು ರೋಗಿಗಳಿಂದ ಮೂರು ಸಂತತಿಗಳು ಸಿಕ್ಕವು. ಅವುಗಳ ಹೆಸರು ಡಿಯು-145, ಪಿಸಿ-3, ಎಲ್‌ಎನ್‌ಕ್ಯಾಪ್. ತಮಾಷೆಯೆಂದರೆ ಮೂರೂ ಗ್ರಂಥಿಯಿಂದಲೇ ತೆಗೆದವಲ್ಲ! ರೋಗ ಹರಡಿದ್ದ ಮಿದುಳು, ಮೂಳೆ ಮತ್ತು ದುಗ್ಧಗ್ರಂಥಿಯಿಂದ ತೆಗೆದವು. ಹೊಸ ಔಷಧಿಗಳನ್ನು ಮೊದಲು ಇಂಥ ಕೋಶಗಳ ಮೇಲೆ ಪ್ರಯೋಗಿಸಿ ನೋಡುತ್ತಾರೆ.

ಇಷ್ಟೆಲ್ಲ ನಡೆದರೂ ಹೆನ್ರಿಯೆಟ್ಟಾ ಅವರ ಮನೆಯವರಿಗೆ ಏನೂ ತಿಳಿದಿರಲಿಲ್ಲ. ಅಮ್ಮನ ಕೋಶಗಳು ಬದುಕಿವೆಯೆಂಬ ಸುದ್ದಿ ಮಕ್ಕಳಿಗೆ ತಲುಪಿದ್ದು 20 ವರ್ಷಗಳ ನಂತರ. ಕೋಶ ಮಾರಿದವರು ಹಣ ಗಳಿಸಿದರು. ಮಕ್ಕಳು ಬಡತನದಲ್ಲೇ ಉಳಿದರು. ಇದು ಅನ್ಯಾಯವಲ್ಲವೇ? 2013ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಆ ಕುಟುಂಬದೊಡನೆ ಒಪ್ಪಂದ ಮಾಡಿಕೊಂಡಿತು. ಹೀಲಾ ಕೋಶಗಳ ವಂಶವಾಹಿ ಮಾಹಿತಿಯನ್ನು ಯಾರಿಗೆ ಕೊಡಬೇಕೆಂದು ನೋಡುವ ಸಮಿತಿಯಲ್ಲಿ ಈಗ ಮನೆಯವರೂ ಇದ್ದಾರೆ. ಕ್ಲೋವರ್‌ನಲ್ಲಿ ಗುರುತಿಲ್ಲದೆ ಉಳಿದಿದ್ದ ಅವರ ಸಮಾಧಿಗೆ ಹೆಸರು ಕೆತ್ತಿದ ಕಲ್ಲನ್ನು 2010ರಲ್ಲಿ ನೆಟ್ಟರು.