ಮೂರನೇ ಪಿನ್ನಿನ ಹಿಂದಿನ ಮನುಷ್ಯ: ಬೆಂಜಮಿನ್ ಫ್ರಾಂಕ್ಲಿನ್

ಬೆಂಜಮಿನ್ ಫ್ರಾಂಕ್ಲಿನ್ ಅಂದ್ರೆ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗೋದು ಎರಡೇ: ನೂರು ಡಾಲರ್ ನೋಟಿನ ಮೇಲಿನ ಮುಖ, ಮತ್ತು ಗಾಳಿಪಟ. ಆದರೆ ಲ್ಯಾಬಿನಲ್ಲಿ ನಾವು ದಿನಾ ಹೇಳುವ ಪ್ಲಸ್, ಮೈನಸ್, ಬ್ಯಾಟರಿ ಎಂಬ ಮಾತುಗಳನ್ನು ವಿದ್ಯುತ್ತಿಗೆ ಹಚ್ಚಿದವರು ಅವರೇ. ಅದಕ್ಕಿಂತ ದೊಡ್ಡ ಪಾಠ ಒಂದು ಇದೆ. ವಿದ್ಯುತ್ತಿಗೆ ನೆಲ ಸೇರೋಕೆ ನಾವೇ ಒಂದು ಒಳ್ಳೇ ದಾರಿ ಮಾಡಿಕೊಡಬೇಕು, ಇಲ್ಲದಿದ್ದರೆ ಅದು ಮನುಷ್ಯನ ಮೈಯನ್ನೇ ದಾರಿ ಮಾಡಿಕೊಳ್ತದೆ. ನಾವು ಅರ್ಥಿಂಗ್ ಅನ್ನೋದು ಇದನ್ನೇ.

ಫ್ರಾಂಕ್ಲಿನ್ ಹುಟ್ಟಿದ್ದು 1706ರ ಜನವರಿ 17ರಂದು, ಬಾಸ್ಟನ್ನಿನಲ್ಲಿ. ತಂದೆ ಮೇಣದಬತ್ತಿ, ಸಾಬೂನು ಮಾಡುವವರು. ಅವರ 17 ಮಕ್ಕಳಲ್ಲಿ ಇವರು 15ನೆಯವರು. ಶಾಲೆಗೆ ಹೋಗಿದ್ದು ಎರಡೇ ವರ್ಷ. 12ನೇ ವಯಸ್ಸಿಗೆ ಅಣ್ಣನ ಪ್ರೆಸ್ಸಿನಲ್ಲಿ ಕೆಲಸ ಕಲಿಯಲು ಸೇರಿದರು, ಅಣ್ಣನ ಜೊತೆ ಹೊಂದಾಣಿಕೆ ಆಗದೆ 17ಕ್ಕೆ ಫಿಲಡೆಲ್ಫಿಯಾಕ್ಕೆ ಓಡಿಹೋದರು. ಅಲ್ಲಿ ಸ್ವಂತ ಪ್ರೆಸ್ ಹಾಕಿದರು, ಪತ್ರಿಕೆ ನಡೆಸಿದರು, ಪಂಚಾಂಗ ಅಚ್ಚು ಹಾಕಿದರು. 1731ರಲ್ಲಿ ಗೆಳೆಯರನ್ನು ಸೇರಿಸಿ ಚಂದಾದಾರರ ಗ್ರಂಥಾಲಯವನ್ನೂ ಕಟ್ಟಿದರು. 1748ರಲ್ಲಿ, 42ನೇ ವಯಸ್ಸಿಗೆ, ಪ್ರೆಸ್ಸಿನ ದಿನದ ಕೆಲಸವನ್ನು ಪಾಲುದಾರನಿಗೆ ಬಿಟ್ಟುಕೊಟ್ಟರು. ಯಾವ ಡಿಗ್ರಿಯೂ ಇಲ್ಲದ ಈ ಮನುಷ್ಯ ಆಮೇಲೆ ಪೂರ್ತಿ ವಿದ್ಯುತ್ತಿನ ಹಿಂದೆ ಬಿದ್ದರು.

ಆಗ ವಿದ್ಯುತ್ತನ್ನು ಕೂಡಿಡಲು ಇದ್ದ ಸಾಧನ ಲೇಡನ್ ಜಾರ್. ಗಾಜಿನ ಬಾಟಲಿ, ಅದರ ಒಳಗೂ ಹೊರಗೂ ಲೋಹದ ಹಾಳೆ. ನಮ್ಮ ಕೆಪಾಸಿಟರಿನ ಅಜ್ಜ ಅನ್ನಬಹುದು. 1750ರ ಕೊನೆಗೆ ಫ್ರಾಂಕ್ಲಿನ್ ಇಂಥ ಎರಡು ದೊಡ್ಡ ಜಾರ್‌ಗಳಿಂದ ಒಂದು ಟರ್ಕಿ ಕೋಳಿಯನ್ನು ಕೊಲ್ಲಲು ಹೊರಟು ತಾವೇ ಶಾಕ್ ಹೊಡೆಸಿಕೊಂಡರು. ಎಚ್ಚರ ತಪ್ಪಿತು. ಇದನ್ನು ಮುಚ್ಚಿಡದೆ ಪತ್ರದಲ್ಲಿ ಬರೆದು ತಿಳಿಸಿದರು, ಬೇರೆಯವರು ಹುಷಾರಾಗಿರಲಿ ಅಂತ.

ಮಿಂಚೂ ವಿದ್ಯುತ್ತೇ ಎಂಬ ಅವರ ಊಹೆಯನ್ನು ಮೊದಲು ಪರೀಕ್ಷೆ ಮಾಡಿದ್ದು ಫ್ರಾನ್ಸಿನವರು, 1752ರ ಮೇ 10ರಂದು, ಎತ್ತರದ ಕಬ್ಬಿಣದ ಸಲಾಕೆ ನೆಟ್ಟು. ಮುಂದಿನ ತಿಂಗಳು ಫ್ರಾಂಕ್ಲಿನ್ ತಮ್ಮ ಮಗ ವಿಲಿಯಂ ಜೊತೆ ಗಾಳಿಪಟ ಹಾರಿಸಿದರು. ಗಾಳಿಪಟಕ್ಕೆ ಸಿಡಿಲು ಹೊಡೆಯಿತು ಅನ್ನೋದು ಕಟ್ಟುಕಥೆ. ಹೊಡೆದಿದ್ದರೆ ಇಬ್ಬರೂ ಉಳೀತಿರಲಿಲ್ಲ. ಮೋಡದ ಚಾರ್ಜ್ ಒದ್ದೆ ದಾರದಗುಂಟ ಇಳಿದು ಕೀಲಿಕೈಗೆ ಬಂತು, ಒಣ ರೇಷ್ಮೆಯ ಪಟ್ಟಿ ಅದನ್ನು ಅವರ ಕೈಗೆ ಬರದಂತೆ ತಡೆಯಿತು. ಮರುವರ್ಷ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪ್ರೊಫೆಸರ್ ರಿಚ್‌ಮನ್ ಇಂಥದ್ದೇ ಪ್ರಯೋಗ ಮಾಡುವಾಗ ಸತ್ತುಹೋದರು. ಅವರ ಸಲಾಕೆಯಿಂದ ನೆಲಕ್ಕೆ ತಂತಿಯೇ ಇರಲಿಲ್ಲ.

ಇಲ್ಲಿ ನಮ್ಮ ಕ್ಲಬ್ಬಿನ ಮಾತು ಸ್ವಲ್ಪ. ವಿಜಯಪುರದಲ್ಲಿ ನಾವು ಹಳೇ ವಿಡಿಯೋ ಗೇಮ್ ಪೆಟ್ಟಿಗೆಯೊಂದರ ಪವರ್ ಸಪ್ಲೈ ಬದಲಿಸಿದೆವು. 5 ವೋಲ್ಟ್, 12 ವೋಲ್ಟ್ ಎಲ್ಲಾ ಸರಿಯಾಗಿ ಬಂತು, ಆಟವೂ ಶುರುವಾಯ್ತು. ಆದರೆ ಕಾಯಿನ್ ಹಾಕುವ ಕಬ್ಬಿಣದ ಬಾಗಿಲು ಮುಟ್ಟಿದರೆ ಜುಮ್ ಅಂತಿತ್ತು. ಕಾರಣ ಇಷ್ಟೇ: ಇಂಥ ಸಪ್ಲೈಯೊಳಗೆ ಫೇಸಿನಿಂದ ಮತ್ತು ನ್ಯೂಟ್ರಲ್‌ನಿಂದ ಬಾಡಿಗೆ ಒಂದೊಂದು ಸಣ್ಣ ಕೆಪಾಸಿಟರ್ ಇರ್ತದೆ. ಅರ್ಥ್ ಇಲ್ಲದಿದ್ದರೆ 230 ವೋಲ್ಟಿನ ಸುಮಾರು ಅರ್ಧ ಬಾಡಿ ಮೇಲೆ ನಿಲ್ಲುತ್ತದೆ. ಪೆಟ್ಟಿಗೆಗೆ ಮೊದಲಿಂದ ಇದ್ದದ್ದು ಎರಡು ಪಿನ್ನಿನ ವೈರ್. ಅದನ್ನು ತೆಗೆದು ಮೂರು ಪಿನ್ನಿನದು ಹಾಕಿ, ಹಸಿರು ವೈರನ್ನು ಸಪ್ಲೈಯ ಅರ್ಥ್ ಟರ್ಮಿನಲ್ಲಿಗೆ, ಬಾಗಿಲಿಗೆ, ಮಾನಿಟರಿನ ಫ್ರೇಮಿಗೆ ಬಿಗಿಯಾಗಿ ಕೂಡಿಸಿದ ಮೇಲೆ ಜುಮ್ಮು ಹೋಯ್ತು. ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ ಉದ್ದ ಇರೋದೂ ಇದಕ್ಕೇ. ಕರೆಂಟ್ ಬರೋ ಮೊದಲೇ ಅರ್ಥ್ ಕೂಡಬೇಕು. ಹಳೇ ಪಿಕ್ಚರ್ ಟ್ಯೂಬಂತೂ ಸ್ವತಃ ಲೇಡನ್ ಜಾರ್ ಇದ್ದಂಗೆ, ಪ್ಲಗ್ ಕಿತ್ತರೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು.

ಮೂರು ಪಿನ್ನಿನ ಪ್ಲಗ್ಗನ್ನು ಫ್ರಾಂಕ್ಲಿನ್ ಮಾಡಲಿಲ್ಲ. ಅವರು ಮಾಡಿದ್ದು ಮಿಂಚು ಸಲಾಕೆ. 1753ರ ತಮ್ಮ ಪಂಚಾಂಗದಲ್ಲಿ ಅದನ್ನು ಕೂಡಿಸುವ ವಿಧಾನ ಅಚ್ಚು ಹಾಕಿದರು: ಮೇಲಿನ ತುದಿ ಮನೆಗಿಂತ ಎತ್ತರ, ಕೆಳಗಿನ ತುದಿ ಹಸಿ ನೆಲದಲ್ಲಿ 3-4 ಅಡಿ ಆಳ. ಪೇಟೆಂಟ್ ತಗೊಳ್ಳಲಿಲ್ಲ, ಎಲ್ಲರೂ ಪುಕ್ಕಟೆ ಬಳಸಲಿ ಅಂತ ಬಿಟ್ಟರು. ಅದೇ ವರ್ಷ ರಾಯಲ್ ಸೊಸೈಟಿ ಅವರಿಗೆ ಕಾಪ್ಲಿ ಪದಕ ಕೊಟ್ಟಿತು.

ಮುಂದಿನ ಜೀವನ ಇತಿಹಾಸದ ಪುಸ್ತಕದಲ್ಲಿದೆ. 1776ರ ಸ್ವಾತಂತ್ರ್ಯ ಘೋಷಣೆಗೂ 1787ರ ಸಂವಿಧಾನಕ್ಕೂ ಅವರ ಸಹಿ ಇದೆ. ಆದರೆ ಗಾಳಿಪಟದ ದಿನ ಜೊತೆಗಿದ್ದ ಮಗ ಬ್ರಿಟಿಷ್ ರಾಜನ ಕಡೆ ನಿಂತ. ಮುರಿದ ಆ ಸಂಬಂಧ ಮತ್ತೆ ಕೂಡಲಿಲ್ಲ. ಹಿಂದೆ ತಮ್ಮ ಮನೆಯಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದ ಫ್ರಾಂಕ್ಲಿನ್, 1790ರ ಫೆಬ್ರವರಿಯಲ್ಲಿ ಗುಲಾಮಗಿರಿ ನಿಲ್ಲಿಸಿ ಎಂಬ ಅರ್ಜಿಗೆ ಸಹಿ ಹಾಕಿ ಕಾಂಗ್ರೆಸ್ಸಿಗೆ ಕಳಿಸಿದರು. ಏಪ್ರಿಲ್ 17ರಂದು, 84ನೇ ವಯಸ್ಸಿನಲ್ಲಿ ತೀರಿಕೊಂಡರು.

ಹಸಿ ನೆಲ ಅಂತ ಅವರು ಬರೆದದ್ದು ನಮ್ಮ ಕಡೆಗೆ ಬಹಳ ಮುಖ್ಯ. ನಮ್ಮ ಜಿಲ್ಲೆಯಲ್ಲಿ ಬ್ಯಾಸಿಗಿಗೆ ನೆಲ ಒಣಗಿ ಬಿರುಕು ಬಿಡ್ತದೆ. ಒಣ ಮಣ್ಣಿನಲ್ಲಿ ಅರ್ಥ್ ಕೆಲಸ ಮಾಡೋದು ಕಡಿಮೆ. ಅದಕ್ಕೇ ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ಆಗಾಗ ನೀರು ಸುರಿಯೋದು. ತಿಕೋಟಾ, ಬಬಲೇಶ್ವರದಿಂದ ದಿನಾ ಬಸ್ಸಿಗೆ ಬರುವ ಗೆಳೆಯರೇ, ಈ ಸಲ ಊರಿಗೆ ಹೋದಾಗ ತೋಟದ ಮೋಟರ್ ಸ್ಟಾರ್ಟರ್ ಪೆಟ್ಟಿಗೆಗೆ ಅರ್ಥ್ ವೈರ್ ಇದೆಯಾ, ಇ.ಎಲ್.ಸಿ.ಬಿ. ಇದೆಯಾ ನೋಡ್ರಿ. ಇಲ್ಲದಿದ್ದರೆ ವೈರ್‌ಮನ್‌ಗೆ ಹೇಳಿ ಹಾಕಿಸ್ರಿ. ಒದ್ದೆ ಕೈಯಿಂದ ಆ ಪೆಟ್ಟಿಗೆ ಮುಟ್ಟೋರು ನಮ್ಮ ಅಪ್ಪಾಜಿನೇ.