ಬೆನ್ನು ಮುರಿದವರಿಗೆ ಬದುಕು ಕೊಟ್ಟ ಲುಡ್ವಿಗ್ ಗುಟ್ಮನ್

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ತಿನ್ನುವುದು ಅಪರೂಪದ ಅವಘಡವೇನಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು, ಮಳೆ ಮುಗಿದ ಮೇಲೆ ಕೊನೆ ಇಳಿಸಲು ಮರವೇರುವ ಕೊನೆಗೌಡರ ಕಸುಬೇ ಅಂಥದ್ದು. ಹೀಗೆ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರೂ ಬಹುಕಾಲ ಬಾಳಬಲ್ಲರೆಂದು ವೈದ್ಯಲೋಕಕ್ಕೆ ಮನಗಾಣಿಸಿದವರಲ್ಲಿ ಅಗ್ರಗಣ್ಯರು ಡಾ. ಲುಡ್ವಿಗ್ ಗುಟ್ಮನ್. ಪ್ಯಾರಾಲಿಂಪಿಕ್ಸ್‌ನ ಜನಕರೆಂದು ಜಗತ್ತು ಅವರನ್ನು ಸ್ಮರಿಸುತ್ತದೆ. ಆದರೆ ಆಟವೆಂಬುದು ಅವರ ಕೈಗೆ ಮೊದಲು ಬಂದದ್ದು ಔಷಧಿಯ ರೂಪದಲ್ಲಿ.

ಗುಟ್ಮನ್ ಜನಿಸಿದ್ದು 1899ರ ಜುಲೈ 3ರಂದು, ಆಗ ಜರ್ಮನಿಯಲ್ಲಿದ್ದು ಈಗ ಪೋಲೆಂಡಿಗೆ ಸೇರಿರುವ ಟೋಸ್ಟ್ ಎಂಬ ಊರಿನ ಯಹೂದಿ ಕುಟುಂಬದಲ್ಲಿ. 1917ರಲ್ಲಿ ಆಸ್ಪತ್ರೆಯೊಂದರಲ್ಲಿ ಸ್ವಯಂಸೇವಕರಾಗಿದ್ದಾಗ ಬೆನ್ನು ಮುರಿದ ಗಣಿ ಕಾರ್ಮಿಕನೊಬ್ಬನನ್ನು ಕಂಡರು. ಗಟ್ಟಿಮುಟ್ಟಾದ ಆಳು. ಅವನು ಉಳಿಯುವುದಿಲ್ಲವೆಂದು ಹಿರಿಯರು ಮೊದಲೇ ತೀರ್ಮಾನಿಸಿದ್ದರು; ಕೆಲವೇ ವಾರಗಳಲ್ಲಿ ಸೋಂಕು ತಗುಲಿ ತೀರಿಕೊಂಡ. ಆ ಸಾವು ಗುಟ್ಮನ್ ಅವರ ಮನಸ್ಸಿನಿಂದ ಎಂದೂ ಮರೆಯಾಗಲಿಲ್ಲ.

ಮುಂದೆ ಬ್ರೆಸ್ಲಾವ್‌ನಲ್ಲಿ ಹೆಸರಾಂತ ನರರೋಗ ತಜ್ಞರಾದರೂ 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದೊಡನೆ ಅವರ ಹುದ್ದೆ ಹೋಯಿತು. ಅಲ್ಲಿನ ಯಹೂದಿ ಆಸ್ಪತ್ರೆ ಸೇರಿದರು. 1938ರ ನವೆಂಬರ್ 9ರ ರಾತ್ರಿ ಯಹೂದಿಗಳ ಮೇಲೆ ದೇಶಾದ್ಯಂತ ದಾಳಿ ನಡೆದಾಗ, ಬಾಗಿಲಿಗೆ ಬಂದ ಯಾರನ್ನೂ ಪ್ರಶ್ನಿಸದೆ ದಾಖಲಿಸಿಕೊಳ್ಳುವಂತೆ ಆದೇಶಿಸಿದರು. ಮರುದಿನ ಗುಪ್ತ ಪೊಲೀಸರು ಬಂದು ವಿಚಾರಿಸಿದಾಗ, ಒಬ್ಬೊಬ್ಬರಿಗೂ ಒಂದೊಂದು ಕಾಯಿಲೆ ಹೇಳಿ 64 ಮಂದಿಯಲ್ಲಿ 60 ಮಂದಿಯನ್ನು ಉಳಿಸಿಕೊಂಡರು. 1939ರಲ್ಲಿ ಮಡದಿ ಮತ್ತು ಇಬ್ಬರು ಮಕ್ಕಳೊಂದಿಗೆ ಇಂಗ್ಲೆಂಡಿಗೆ ವಲಸೆ ಹೋದರು.

1944ರ ಫೆಬ್ರುವರಿಯಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಯುದ್ಧದ ಗಾಯಾಳುಗಳಿಗಾಗಿ ಬೆನ್ನುಹುರಿ ಚಿಕಿತ್ಸಾ ಕೇಂದ್ರ ಆರಂಭವಾಯಿತು. ಅದರ ಹೊಣೆ ಗುಟ್ಮನ್ ಅವರದು. ಇಂಥ ರೋಗಿಗಳನ್ನು ಕೊಲ್ಲುತ್ತಿದ್ದುದು ಮುರಿದ ಮೂಳೆಗಿಂತ ಹೆಚ್ಚಾಗಿ ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. ಹಗಲಿರುಳೆನ್ನದೆ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕೆಂಬುದು ಅವರ ಕಟ್ಟಾಜ್ಞೆ. ದಾದಿಯರು ಅದನ್ನು ಪಾಲಿಸುತ್ತಿದ್ದಾರೆಯೇ ಎಂದು ನಡುರಾತ್ರಿ ತಾವೇ ಬಂದು ನೋಡುತ್ತಿದ್ದರು. ಯಂತ್ರವನ್ನೂ ದುಬಾರಿ ಔಷಧವನ್ನೂ ಬೇಡದ ಈ ಉಪಚಾರ ಮಲೆನಾಡಿನ ಒಂಟಿ ಮನೆಯಲ್ಲೂ ಸಾಧ್ಯ. ಬೇಕಾದದ್ದು ತಿಳಿಹೇಳುವವರು ಮತ್ತು ಸರದಿಯಲ್ಲಿ ಎಚ್ಚರವಿರುವ ಕೈಗಳು.

ಜೀವ ಉಳಿದ ಮೇಲೆ ಮುಂದೇನು? ಮರಗೆಲಸ, ಬೆರಳಚ್ಚು ಕಲಿಸಿದರು, ಗಾಲಿಕುರ್ಚಿಯಲ್ಲಿ ಕೂರಿಸಿ ಆಡಿಸಿದರು. ಬಿಲ್ಲುಗಾರಿಕೆ ಅವರಿಗೆ ಅಚ್ಚುಮೆಚ್ಚು, ಏಕೆಂದರೆ ಅದು ತೋಳು, ಭುಜಗಳಿಗೆ ಕಸುವು ತುಂಬಿ ಮೈಯ ಸಮತೋಲ ಕಲಿಸುತ್ತಿತ್ತು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯ ದಿನವೇ, ಆಸ್ಪತ್ರೆಯ ಹುಲ್ಲುಹಾಸಿನಲ್ಲಿ 16 ಮಂದಿ ಬಿಲ್ಲು ಹಿಡಿದರು; ಅವರಲ್ಲಿ ಇಬ್ಬರು ಮಹಿಳೆಯರು. 1952ರಲ್ಲಿ ನೆದರ್‌ಲೆಂಡ್ಸ್ ತಂಡ ಬಂದು ಸೇರಿತು. 1960ರಲ್ಲಿ ಕೂಟ ರೋಮ್ ನಗರಕ್ಕೆ ಹೋದಾಗ ಸ್ಪರ್ಧಿಗಳ ಸಂಖ್ಯೆ ಸುಮಾರು 400. ಅದೇ ಇಂದು ಮೊದಲ ಪ್ಯಾರಾಲಿಂಪಿಕ್ಸ್ ಎನಿಸಿದೆ. 1966ರಲ್ಲಿ ಬ್ರಿಟನ್ ಅವರಿಗೆ ನೈಟ್ ಪದವಿ ನೀಡಿತು.

ಭಾರತ ಈ ಕೂಟಕ್ಕೆ ಕಾಲಿಟ್ಟದ್ದು 1968ರಲ್ಲಿ. 1965ರ ಯುದ್ಧದಲ್ಲಿ ಗುಂಡೇಟು ತಿಂದಿದ್ದ ಯೋಧ ಮುರಳಿಕಾಂತ್ ಪೇಟ್ಕರ್ 1972ರಲ್ಲಿ ಹೈಡೆಲ್‌ಬರ್ಗ್‌ನ ಈಜುಕೊಳದಲ್ಲಿ ದೇಶಕ್ಕೆ ಮೊದಲ ಚಿನ್ನ ತಂದರು. ಗುಟ್ಮನ್ ಅದನ್ನು ಕಾಣುವಷ್ಟು ಕಾಲ ಬದುಕಿದ್ದರು. ಒಲಿಂಪಿಕ್ಸ್ ನಡೆದ ಕ್ರೀಡಾಂಗಣಗಳಲ್ಲೇ ಪ್ಯಾರಾಲಿಂಪಿಕ್ಸ್ ನಡೆದ 1988ರ ಸೋಲ್ ಕೂಟದ ಹೊತ್ತಿಗೆ ಅವರಿರಲಿಲ್ಲ. 1980ರ ಮಾರ್ಚ್ 18ರಂದು ನಿಧನರಾಗಿದ್ದರು.

2012ರಲ್ಲಿ ಕೂಟ ಲಂಡನ್ನಿನಲ್ಲಿ ನಡೆಯಿತು. ಆಗ ಭಾರತಕ್ಕೆ ದಕ್ಕಿದ ಏಕೈಕ ಪದಕ ಕನ್ನಡಿಗ ಎಚ್.ಎನ್. ಗಿರೀಶ್ ಅವರದು: ಎತ್ತರ ಜಿಗಿತದಲ್ಲಿ 1.74 ಮೀಟರ್, ಬೆಳ್ಳಿ. ಅವರ ಹೆಸರಿನಲ್ಲಿರುವ ಹೊಸನಗರ ಮಲೆನಾಡಿನ ತಾಲ್ಲೂಕು ಕೇಂದ್ರವಲ್ಲ, ಹಾಸನ ಜಿಲ್ಲೆಯ ಒಂದು ಹಳ್ಳಿ.