ಹಿಂದಿನ ಸಾಲಿಗೂ ಕೇಳಿಸಿದ ಪಿಟೀಲು: ಮೈಸೂರು ಟಿ. ಚೌಡಯ್ಯನವರು



ಹೋದ ವಾರ್ಷಿಕೋತ್ಸವದ ದಿನ ನಮ್ಮ ಶಾಲೆಯಲ್ಲಿ ಏನಾಯ್ತು ಅಂತ ನಿಮಗೆಲ್ಲ ನೆನಪಿರಬಹುದು. ಪ್ರಾರ್ಥನೆ ಶುರುವಾಗುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯ್ತು. ಮೈಕು ಸುಮ್ಮನಾಯ್ತು. ಆರನೇ ತರಗತಿಯ ಹುಡುಗಿ ಮಾತ್ರ ಸುಮ್ಮನಾಗಲಿಲ್ಲ. ಹಾಡನ್ನು ಪೂರ್ತಿ ಹೇಳಿ ಮುಗಿಸಿದಳು. ಮುಂದೆ ಕುರ್ಚಿಯಲ್ಲಿ ಕೂತಿದ್ದ ಅತಿಥಿಗಳು ಚಪ್ಪಾಳೆ ತಟ್ಟಿದರು. ಹಿಂದೆ, ಕಾಂಪೌಂಡ್ ಪಕ್ಕ ನಿಂತಿದ್ದ ಅವಳ ಅಮ್ಮನಿಗೆ ಒಂದು ಸಾಲೂ ಕೇಳಿಸಲಿಲ್ಲವಂತೆ. ಕೂಲಿ ಕೆಲಸ ಬಿಟ್ಟು ಬಂದಿದ್ದರು ಪಾಪ.

ಆವತ್ತಿಂದ ನನ್ನ ತಲೆಯಲ್ಲಿ ಒಂದೇ ಯೋಚನೆ. ಮೈಕೇ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವರು ಏನು ಮಾಡುತ್ತಿದ್ದರು? ಇದನ್ನು ನಮ್ಮ ಕನ್ನಡ ಮೇಷ್ಟ್ರನ್ನು ಕೇಳಿದೆ. ಅವರು ಚೌಡಯ್ಯನವರ ಬಗ್ಗೆ ಓದು, ಓದಿ ಗೋಡೆ ಪತ್ರಿಕೆಗೆ ಬರಿ ಅಂದರು. ಓದಿದ್ದನ್ನು ಬರೆದಿದ್ದೇನೆ.

ಚೌಡಯ್ಯನವರು ಹುಟ್ಟಿದ್ದು ೧೮೯೫ರ ಜನವರಿ ೧ರಂದು, ಈಗಿನ ಮೈಸೂರು ಜಿಲ್ಲೆಯ ತಿರುಮಕೂಡಲಿನಲ್ಲಿ. ತಿ. ನರಸೀಪುರದ ಪಕ್ಕದಲ್ಲಿ ಕಾವೇರಿ ಮತ್ತು ಕಪಿಲಾ ನದಿಗಳು ಕೂಡುವ ಜಾಗ ಅದು. ನಾವು ಕುಂಭಮೇಳದ ಸುದ್ದಿಯಲ್ಲಿ ಟಿ. ನರಸೀಪುರದ ಹೆಸರು ಕೇಳುತ್ತೇವಲ್ಲ, ಅದೇ ಊರು. ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮನವರು. ಅವರ ಹೆಸರಿನ ಹಿಂದೆ ಇರುವ ಟಿ. ಅಂದರೆ ತಿರುಮಕೂಡಲು. ಮುಂದೆ ದೇಶವೇ ಗುರುತಿಸುವಷ್ಟು ದೊಡ್ಡವರಾದರೂ ಹುಟ್ಟಿದ ಹಳ್ಳಿಯನ್ನು ಹೆಸರಿನಿಂದ ತೆಗೆದುಹಾಕಲಿಲ್ಲ. ಅಷ್ಟೇ ಅಲ್ಲ, ತಾವೇ ಕಟ್ಟಿದ ಕೃತಿಗಳಿಗೆ ಹಾಕಿಕೊಂಡ ಅಂಕಿತವೂ ತ್ರಿಮಕುಟ ಎಂದೇ. ಅದೂ ಊರಿನ ಹೆಸರೇ.

ಹುಡುಗ ಚೌಡಯ್ಯ ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಆಗ ಮೈಸೂರು ಅರಮನೆಯ ಬಹಳ ದೊಡ್ಡ ಗಾಯಕರು. ಕಛೇರಿಗಳಲ್ಲಿ ಕನ್ನಡದ ದೇವರನಾಮಗಳಿಗೆ ಮರ್ಯಾದೆ ತಂದುಕೊಟ್ಟವರು. ಪಾಠದ ವಿಷಯದಲ್ಲಿ ಭಾರೀ ಕಟ್ಟುನಿಟ್ಟು. ೧೯೧೦ರಿಂದ ೧೯೧೮ರವರೆಗೆ, ಅಂದರೆ ಎಂಟು ವರ್ಷ, ಚೌಡಯ್ಯನವರು ಗುರುಗಳ ಹತ್ತಿರವೇ ಕಲಿತರು. ನಾವು ಒಂದನೇ ಕ್ಲಾಸಿಂದ ಎಂಟನೇ ಕ್ಲಾಸ್ ಮುಗಿಸುವಷ್ಟು ಕಾಲ, ಅವರು ಪಿಟೀಲು ಹಿಡಿದು ಕೂತಿದ್ದರು.

ಈಗ ಪಿಟೀಲಿನ ಬಗ್ಗೆ ಸ್ವಲ್ಪ ಹೇಳಬೇಕು. ಪಿಟೀಲು ನಮ್ಮ ದೇಶದ ವಾದ್ಯ ಅಲ್ಲ, ಯೂರೋಪಿನಿಂದ ಬಂದದ್ದು. ಸುಮಾರು ಇನ್ನೂರು ವರ್ಷಗಳ ಹಿಂದೆ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು ನಮ್ಮ ಸಂಗೀತಕ್ಕೆ ತಂದರು. ಅಲ್ಲಿಯವರು ನಿಂತುಕೊಂಡು, ಗದ್ದದ ಕೆಳಗೆ ಸಿಕ್ಕಿಸಿಕೊಂಡು ನುಡಿಸುತ್ತಾರೆ. ನಮ್ಮವರು ಚಕ್ಕಂಬಕ್ಕಲ ಹಾಕಿ ಕೂತು, ವಾದ್ಯದ ತಲೆಯನ್ನು ಬಲಗಾಲಿನ ಮೇಲೆ ಊರಿ ನುಡಿಸುತ್ತಾರೆ. ಹೀಗೆ ಮಾಡಿದರೆ ಎಡಗೈಗೆ ವಾದ್ಯ ಹೊರುವ ಕೆಲಸ ಇರುವುದಿಲ್ಲ, ಗಮಕಕ್ಕೆ ಬೆರಳು ಸಲೀಸಾಗಿ ಜಾರುತ್ತದೆ. ಶ್ರುತಿ ಮಾಡುವ ಕ್ರಮವನ್ನೂ ಬದಲಾಯಿಸಿ ಷಡ್ಜ, ಪಂಚಮ, ಷಡ್ಜ, ಪಂಚಮ ಅಂತ ಇಟ್ಟುಕೊಂಡರು. ಅಂದಮೇಲೆ ಇನ್ನೊಂದು ನಾಡಿನ ವಾದ್ಯವನ್ನು ನಮಗೆ ಬೇಕಾದ ಹಾಗೆ ಮಾಡಿಕೊಳ್ಳುವ ಕೆಲಸ ಚೌಡಯ್ಯನವರಿಗಿಂತ ಮೊದಲೇ ಶುರುವಾಗಿತ್ತು. ಆದರೆ ತಂತಿ ಮಾತ್ರ ನಾಲ್ಕೇ ಇತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ.

ಚೌಡಯ್ಯನವರು ಪಕ್ಕವಾದ್ಯದವರು. ಗಾಯಕರ ಪಕ್ಕ ಕೂತು, ಅವರು ಹಾಡಿದ್ದನ್ನು ನೆರಳಿನ ಹಾಗೆ ಹಿಂಬಾಲಿಸಿ, ಅವರು ನಿಲ್ಲಿಸಿದಾಗ ತಮ್ಮ ಕೈಚಳಕ ತೋರಿಸುವ ಕೆಲಸ. ೧೯೨೦ರ ದಶಕದಲ್ಲಿ ಕಛೇರಿಗಳು ಅರಮನೆ, ದೇವಸ್ಥಾನ, ದೊಡ್ಡವರ ಮನೆ ಜಗುಲಿ ಬಿಟ್ಟು ದೊಡ್ಡ ದೊಡ್ಡ ಸಭೆಗಳಿಗೆ ಬಂದವು. ಜನ ಜಾಸ್ತಿಯಾದರು, ಮೈಕು ಇರಲಿಲ್ಲ. ಗಾಯಕರದು ಕಂಚಿನ ಕಂಠ, ಎದೆ ತುಂಬ ಉಸಿರೆಳೆದು ಹಾಡುತ್ತಿದ್ದರು. ಪಿಟೀಲು ನೋಡಿದರೆ ಮೊಳದುದ್ದದ ಮರದ ಪೆಟ್ಟಿಗೆ. ಅದರ ಮೇಲೆ ನಾದ ಕೊಡುವ ತಂತಿಯ ಉದ್ದ ಬರೀ ೧೩ ಇಂಚು. ಮುಂದಿನ ನಾಲ್ಕು ಸಾಲಿಗೆ ಚೆನ್ನಾಗಿ ಕೇಳುತ್ತಿತ್ತು, ಆಮೇಲೆ ಕ್ಷೀಣವಾಗುತ್ತಿತ್ತು. ಹಿಂದೆ ಕೂತವರಿಗೆ ಕಮಾನು ಆಡುವುದು ಕಾಣುತ್ತಿತ್ತೇ ಹೊರತು ನಾದ ಸರಿಯಾಗಿ ಮುಟ್ಟುತ್ತಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ನಮ್ಮ ವಾದ್ಯವೇ ಇಷ್ಟು ಅಂತ ಸುಮ್ಮನಾಗುತ್ತಿದ್ದರೋ ಏನೋ. ಚೌಡಯ್ಯನವರು ೧೯೨೭ರ ಹೊತ್ತಿಗೆ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ನುಡಿಸಲು ಶುರು ಮಾಡಿದರು.

ಮೂರು ತಂತಿ ತಾನೇ, ಅದರಲ್ಲೇನು ಅಂತ ನನಗೂ ಮೊದಲು ಅನ್ನಿಸಿತ್ತು. ಕೂತು ಲೆಕ್ಕ ಹಾಕಿದರೆ ಅದು ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ಸೇರಿಸಿದ ತಂತಿ ಬೇರೆ ಸ್ವರಕ್ಕಲ್ಲ, ಇದ್ದ ತಂತಿಗೆ ಜೊತೆಗಾರ. ಒಂದೇ ಸ್ವರ, ಆದರೆ ಸ್ಥಾಯಿ ಬೇರೆ. ಒಂದು ಷಡ್ಜ ಹಾಡಿದರೆ ಅದರ ಜೊತೆ ಇನ್ನೊಂದು ಸ್ಥಾಯಿಯ ಷಡ್ಜವೂ ಹಾಡುತ್ತದೆ. ದೊಡ್ಡವರೊಬ್ಬರು, ಚಿಕ್ಕ ಹುಡುಗನೊಬ್ಬ ಒಟ್ಟಿಗೆ ಒಂದೇ ಹಾಡು ಹೇಳಿದರೆ ಹೇಗೆ ತುಂಬಿಕೊಂಡು ಕೇಳುತ್ತದೋ, ಹಾಗೆ. ಆದರೆ ಪಿಟೀಲಿನ ತಲೆಯ ಕಡೆ ತಂತಿಗಳು ಸಾಲಾಗಿ ಕೂರುವ ಜಾಗ ಹೆಚ್ಚುಕಮ್ಮಿ ಒಂದೇ ಇಂಚು. ಅಷ್ಟರಲ್ಲಿ ಏಳು ತಂತಿ ಕೂರಬೇಕು. ಏಳು ತಂತಿಗೆ ಏಳು ಬಿರಡೆ ಬೇಕು. ತಂತಿ ಜಾಸ್ತಿಯಾದಷ್ಟೂ ಕುದುರೆಯ ಮೇಲೆ ಭಾರ ಜಾಸ್ತಿ, ಆ ಭಾರವೆಲ್ಲ ತೆಳ್ಳಗಿನ ಮೇಲ್ಹಲಗೆಯ ಮೇಲೆ ಬೀಳುತ್ತದೆ. ಇಷ್ಟಾದ ಮೇಲೆ ನುಡಿಸುವವರ ಕಷ್ಟ. ಒಂದು ಬೆರಳಲ್ಲಿ ಎರಡು ತಂತಿಯನ್ನು ಒಂದೇ ಸಮ ಒತ್ತಬೇಕು. ಒಂದು ಕೂದಲೆಳೆಯಷ್ಟು ಆಚೀಚೆ ಆದರೂ ಒಂದು ತಂತಿ ಸರಿ ಹೇಳುತ್ತದೆ, ಇನ್ನೊಂದು ಅಪಸ್ವರ ಹೇಳುತ್ತದೆ. ಕಮಾನು ಎಳೆಯುವ ಕೈಗೆ ಬಲವೂ ಬೇಕು, ಹದವೂ ಬೇಕು. ಚೌಡಯ್ಯನವರ ಉದ್ದನೆಯ, ಗಟ್ಟಿಯಾದ ಕಮಾನಿನ ಎಳೆತ ಮುಂದೆ ಹೆಸರಾಯಿತು. ಅದು ಸುಮ್ಮನೆ ಬಂದದ್ದಲ್ಲ, ಏಳು ತಂತಿಗಾಗಿ ದುಡಿದ ಕೈ ಅದು.

ಎಲ್ಲರೂ ಇದನ್ನು ಒಪ್ಪಲಿಲ್ಲ. ಇದ್ದ ಹಾಗೆ ಇರುವುದೇ ಚೆಂದ ಎನ್ನುವವರು ಆಗಲೂ ಇದ್ದರು. ಅವರದ್ದು ಪೂರ್ತಿ ತಪ್ಪು ಅಂತಲೂ ನಾನು ಹೇಳಲಾರೆ. ನಾಲ್ಕು ತಂತಿಯಲ್ಲಿ ಬರುವ ನವಿರು ಬೇರೆ. ಅದೇ ಕಾಲದಲ್ಲಿ ದ್ವಾರಂ ವೆಂಕಟಸ್ವಾಮಿ ನಾಯ್ಡು ಮತ್ತು ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆಯವರು ನಾಲ್ಕೇ ತಂತಿಯಲ್ಲಿ ಮಹಾವಿದ್ವಾಂಸರಾಗಿದ್ದರು. ಜನ ಆ ಇಬ್ಬರನ್ನೂ ಚೌಡಯ್ಯನವರನ್ನೂ ಸೇರಿಸಿ ಪಿಟೀಲಿನ ತ್ರಿಮೂರ್ತಿಗಳು ಅಂತ ಕರೆದರು. ಅಂದರೆ ಏಳು ತಂತಿಯವರನ್ನೂ ನಾಲ್ಕು ತಂತಿಯವರನ್ನೂ ಜನ ಒಂದೇ ಮಣೆಯ ಮೇಲೆ ಕೂರಿಸಿದರು. ಕೊನೆಗೆ ತೀರ್ಪು ಕೊಟ್ಟಿದ್ದು ಕೇಳುವವರ ಕಿವಿ.

ಇಲ್ಲಿ ಇನ್ನೊಂದು ಸ್ವಾರಸ್ಯ ಹೇಳಬೇಕು. ಇದೇ ಕಾಲದಲ್ಲಿ ಏಳು ಸಮುದ್ರದಾಚೆ ಅಮೆರಿಕದಲ್ಲಿ ಗಿಟಾರ್ ನುಡಿಸುವವರಿಗೂ ಇದೇ ಗೋಳು! ಡೋಲು, ತುತ್ತೂರಿಗಳ ಗದ್ದಲದಲ್ಲಿ ಗಿಟಾರಿನ ಸದ್ದು ಮುಳುಗಿ ಹೋಗುತ್ತಿತ್ತು. ಅಲ್ಲಿ ಜಾರ್ಜ್ ಬ್ಯೂಶಾಂಪ್ ಎಂಬುವರು ತಂತಿಯ ಹತ್ತಿರ ಅಯಸ್ಕಾಂತ ಮತ್ತು ತಾಮ್ರದ ಸುರುಳಿ ಇಟ್ಟು, ತಂತಿಯ ಅದುರುವಿಕೆಯನ್ನು ಕರೆಂಟಾಗಿ ಮಾಡುವ ಉಪಾಯ ಹುಡುಕಿದರು. ವಿಜ್ಞಾನದಲ್ಲಿ ವಿದ್ಯುತ್ಕಾಂತೀಯ ಪ್ರೇರಣೆ ಅನ್ನುತ್ತಾರಲ್ಲ, ಅದೇ. ಅಡಾಲ್ಫ್ ರಿಕನ್‌ಬ್ಯಾಕರ್ ಎಂಬುವರ ಜೊತೆ ಸೇರಿ ೧೯೩೨ರಿಂದ ಅದನ್ನು ಮಾರಿದರು. ತೊಡೆಯ ಮೇಲೆ ಇಟ್ಟು ನುಡಿಸುವ ಆ ಗಿಟಾರು ಬಾಣಲೆಯ ಹಾಗೆ ಕಾಣುತ್ತಿದ್ದರಿಂದ ಜನ ಅದಕ್ಕೆ ಬಾಣಲೆ ಅಂತಲೇ ಹೆಸರಿಟ್ಟರು. ಅದರಲ್ಲಿ ಒಂದು ನಮೂನೆಯ ತಂತಿಯ ಉದ್ದ ೨೨.೫ ಇಂಚು, ಇನ್ನೊಂದರದು ೨೫ ಇಂಚು. ಮೈಸೂರಿನವರು ತಂತಿ ಹೆಚ್ಚಿಸಿದರು, ಅಮೆರಿಕದವರು ಕರೆಂಟು ಹಚ್ಚಿದರು. ಇಬ್ಬರ ಚಿಂತೆಯೂ ಒಂದೇ, ಹಿಂದಿನ ಸಾಲು.

ಏಳು ತಂತಿಯ ಪಿಟೀಲು ಹಿಡಿದು ಚೌಡಯ್ಯನವರು ದಕ್ಷಿಣ ಭಾರತವನ್ನೆಲ್ಲ ಸುತ್ತಿದರು. ಅರಿಯಾಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್, ಜಿ. ಎನ್. ಬಾಲಸುಬ್ರಹ್ಮಣ್ಯಂ ಅವರಂಥ ಘಟಾನುಘಟಿಗಳ ಪಕ್ಕದಲ್ಲಿ ಕೂತರು. ಚೆಂಬೈಯವರ ಹಾಡು, ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ ಒಟ್ಟಿಗೆ ಸೇರಿದರೆ ಜನಕ್ಕೆ ಹಬ್ಬ. ೧೯೩೯ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ಆಸ್ಥಾನ ವಿದ್ವಾಂಸರಾದರು. ೧೯೫೭ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಬಂತು.

ಅವರಿಗೆ ಸಂಗೀತದ ಜೊತೆ ಇನ್ನೂ ಹಲವು ಹುಚ್ಚು. ೧೯೪೩ರಲ್ಲಿ ವಾಣಿ ಎಂಬ ಕನ್ನಡ ಸಿನಿಮಾ ತೆಗೆದರು, ತಾವೂ ಅದರಲ್ಲಿ ಕಾಣಿಸಿಕೊಂಡರು. ಮುಂದೆ ಎಷ್ಟೋ ಚಿತ್ರಗಳಲ್ಲಿ ಅಮ್ಮನಾಗಿ ನಮ್ಮಜ್ಜಿಯನ್ನು ಅಳಿಸಿದ ಪಂಡರೀಬಾಯಿಯವರ ಮೊದಲ ಚಿತ್ರ ಅದೇ. ಮೈಸೂರಿನಲ್ಲಿ ಗುರುಗಳಾದ ಬಿಡಾರಂ ಕೃಷ್ಣಪ್ಪನವರು ಶುರು ಮಾಡಿದ್ದ ಪ್ರಸನ್ನ ಸೀತಾರಾಮ ಮಂದಿರದ ಕೆಲಸವನ್ನು ಪೂರ್ತಿ ಮಾಡಿಸಿದರು. ವಾದ್ಯವನ್ನು ಬದಲಾಯಿಸಿದ ಮನುಷ್ಯ ಗುರುವನ್ನು ಮರೆಯಲಿಲ್ಲ ಅನ್ನುವುದಕ್ಕೆ ಆ ಮಂದಿರವೇ ಸಾಕ್ಷಿ.

ಏಳಕ್ಕೂ ಅವರು ನಿಲ್ಲಲಿಲ್ಲ. ಹತ್ತೊಂಬತ್ತು ತಂತಿಯ ಪಿಟೀಲಿನ ಪ್ರಯೋಗವನ್ನೂ ಮಾಡಿದರು. ಅಷ್ಟರಲ್ಲಿ ಕಾಲ ಬದಲಾಯಿತು. ಸಭೆಗಳಿಗೆ ಮೈಕು ಬಂತು. ಮೈಕು ಬಂದ ಮೇಲೆ ಸದ್ದು ಹೆಚ್ಚಿಸಲು ತಂತಿ ಹೆಚ್ಚಿಸುವ ಅಗತ್ಯ ಉಳಿಯಲಿಲ್ಲ. ಚೌಡಯ್ಯನವರು ತಮ್ಮ ಏಳು ತಂತಿಯನ್ನು ಬಿಡಲಿಲ್ಲ. ಅವರ ಶಿಷ್ಯರಾದ ಆರ್. ಆರ್. ಕೇಶವಮೂರ್ತಿಯವರು ಬೆಂಗಳೂರಿನಲ್ಲಿ ಅದನ್ನು ಮುಂದುವರಿಸಿದರು, ಅವರು ೨೦೦೬ರಲ್ಲಿ ತೀರಿಕೊಂಡರು. ಇವತ್ತು ಹೆಚ್ಚಿನವರು ನುಡಿಸುವುದು ನಾಲ್ಕು ತಂತಿಯ ಪಿಟೀಲನ್ನೇ. ಹಾಗಾದರೆ ಚೌಡಯ್ಯನವರು ಸೋತರಾ? ನನಗಂತೂ ಹಾಗೆ ಅನ್ನಿಸುವುದಿಲ್ಲ. ಸೇತುವೆ ಕಟ್ಟುವ ತನಕ ಹೊಳೆ ದಾಟಿಸಿದ ತೆಪ್ಪವನ್ನು ಸೋತಿತು ಅನ್ನುತ್ತೇವಾ?

೧೯೬೭ರ ಜನವರಿ ೧೯ರಂದು ಚೌಡಯ್ಯನವರು ಕಾಲವಾದರು. ಆಗ ಅವರಿಗೆ ೭೨ ವರ್ಷ. ಅವರ ನೆನಪಿಗಾಗಿ ೧೯೮೦ರಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿ ಚೌಡಯ್ಯ ಸ್ಮಾರಕ ಭವನ ಎದ್ದಿತು. ಕೆ. ಕೆ. ಮೂರ್ತಿಯವರ ಮುಂದಾಳುತನದಲ್ಲಿ ಆದ ಕೆಲಸ ಅದು. ಕಟ್ಟಡವೇ ಪಿಟೀಲಿನ ಆಕಾರದಲ್ಲಿದೆ. ತಂತಿ, ಬಿರಡೆ, ಕಮಾನು ಎಲ್ಲ ಮಾಡಿದ್ದಾರೆ. ನಮ್ಮ ಬಾಗಲೂರಿನಿಂದ ಅದು ಬಹಳ ದೂರವೇನಲ್ಲ. ಯಲಹಂಕ, ಹೆಬ್ಬಾಳ, ಮೇಖ್ರಿ ಸರ್ಕಲ್ ದಾಟಿ ಸ್ಯಾಂಕಿ ಕೆರೆಯ ಕಡೆ ಹೋದರೆ ಸಿಗುತ್ತದೆ. ಮುಂದಿನ ಶಾಲಾ ಪ್ರವಾಸದಲ್ಲಿ ನಮ್ಮನ್ನು ಅಲ್ಲಿಗೆ ಒಂದು ಸಲ ಕರೆದುಕೊಂಡು ಹೋಗಬೇಕೆಂದು ಮುಖ್ಯ ಗುರುಗಳಲ್ಲಿ ವಿನಂತಿ.

ಕೊನೆಗೆ ನಮ್ಮ ಮನೆಯ ಒಂದು ವಿಷಯ ಬರೆದು ಮುಗಿಸುತ್ತೇನೆ. ನಮ್ಮಣ್ಣನೂ ಇದೇ ಶಾಲೆಯಲ್ಲಿ ಓದಿದವನು. ಅವನ ಹತ್ತಿರ ಸೆಕೆಂಡ್‌ಹ್ಯಾಂಡಲ್ಲಿ ತಂದ ಒಂದು ಗಿಡ್ಡ ಎಲೆಕ್ಟ್ರಿಕ್ ಗಿಟಾರ್ ಇದೆ. ಸಾಮಾನ್ಯ ಗಿಟಾರಿಗಿಂತ ತಂತಿಯ ಉದ್ದ ಒಂದೂವರೆ ಇಂಚು ಕಮ್ಮಿ. ಉದ್ದ ಕಮ್ಮಿಯಾದರೆ ಅದೇ ಶ್ರುತಿಗೆ ಬಿಗಿ ಕಮ್ಮಿ ಸಾಕು, ಬೆರಳಿಗೆ ಸುಲಭ. ಆದರೆ ತಂತಿ ಸಡಿಲವಾಗಿ ಗರಗರ ಅನ್ನುತ್ತಿತ್ತು. ಅಣ್ಣ ದಪ್ಪ ತಂತಿ ಹಾಕಿದ, ಬಿರಡೆ ಬದಲಾಯಿಸಿದ, ಒಳಗಿನ ಅಯಸ್ಕಾಂತದ ಸುರುಳಿ ಬಿಚ್ಚಿ ಬೇರೆ ಹಾಕಲು ಹೋದ. ಆಗ ಸದ್ದೇ ನಿಂತುಹೋಯ್ತು. ದುಡ್ಡು ಕೊಟ್ಟು ತಂದದ್ದನ್ನು ಹಾಳು ಮಾಡಿದೆಯಲ್ಲೋ ಅಂತ ಅಪ್ಪ ಬೈದರು. ಅಪ್ಪನ ಮಾತಲ್ಲೂ ನ್ಯಾಯ ಇದೆ, ಅದು ಅವರು ಹೂವು ಮಾರಿದ ದುಡ್ಡು. ಆವತ್ತಿಂದ ಗಿಟಾರು ಅಟ್ಟದ ಮೇಲಿದೆ. ಅಣ್ಣ ಅದರ ಮಾತೇ ಎತ್ತುವುದಿಲ್ಲ.

ಚೌಡಯ್ಯನವರ ಬಗ್ಗೆ ಓದುವಾಗ ನನಗೆ ತಿಳಿದದ್ದು ಇಷ್ಟು. ಬಿಚ್ಚಿದವರೆಲ್ಲ ಹಾಳು ಮಾಡುವವರಲ್ಲ. ಆದರೆ ಬಿಚ್ಚುವ ಮುಂಚೆ ಎಂಟು ವರ್ಷ ಕಲಿಯುವ ತಾಳ್ಮೆ ಬೇಕು, ಯಾರಿಗಾಗಿ ಬಿಚ್ಚುತ್ತಿದ್ದೇನೆ ಅಂತ ಗೊತ್ತಿರಬೇಕು. ಅಣ್ಣ ದಿನಾ ಸಂಜೆ ನನ್ನನ್ನು ಕರೆದುಕೊಂಡು ಹೋಗಲು ಶಾಲೆಯ ಗೇಟಿನ ಹತ್ತಿರ ಬರುತ್ತಾನೆ. ಈ ಗೋಡೆ ಅಲ್ಲಿಂದ ಹತ್ತು ಹೆಜ್ಜೆ. ಅವನು ಒಳಗೆ ಬಂದು ಇದನ್ನು ಓದಲಿ ಅಂತ ಆಸೆ. ಮುಂದಿನ ವಾರ್ಷಿಕೋತ್ಸವಕ್ಕೆ ಅಟ್ಟದ ಮೇಲಿನ ಗಿಟಾರು ಕೆಳಗೆ ಬರಲಿ, ಕಾಂಪೌಂಡ್ ಪಕ್ಕ ನಿಂತ ಅಮ್ಮಂದಿರಿಗೂ ಕೇಳಿಸಲಿ.

ಬರವಣಿಗೆಯಲ್ಲಿ ತಪ್ಪಿದ್ದರೆ ಕ್ಷಮಿಸಿ, ತಿದ್ದಿ.

ಇಂತಿ,
ಒಂಬತ್ತನೇ ತರಗತಿಯ ವಿದ್ಯಾರ್ಥಿನಿ